ವಾರ್ಡ್ ಹೆಸರು ಹಿಡಿದು ಕೌನ್ಸಿಲರ್‌ರನ್ನು ಹುಡುಕಬೇಡಿ
ಸದಸ್ಯರಿಗೆ ನಮಸ್ಕಾರ. ‘ನಮ್ಮ ವಾರ್ಡಿನ ಕೌನ್ಸಿಲರ್ ಯಾರು?’ ಎಂಬ ಪ್ರಶ್ನೆ ಈ ವಾರವೂ ಬಂದಿದೆ. ನಾರ್ದರ್ನ್ ಐರ್ಲೆಂಡಿನಲ್ಲಿ ವಾರ್ಡಿಗೊಬ್ಬರು ಎಂಬ ಲೆಕ್ಕವೇ ಇಲ್ಲ. ಐದರಿಂದ ಏಳು ವಾರ್ಡುಗಳನ್ನು ಸೇರಿಸಿ ಒಂದು ಚುನಾವಣಾ ಪ್ರದೇಶ ಮಾಡಿದ್ದಾರೆ. ಎಷ್ಟು ವಾರ್ಡೋ ಅಷ್ಟೇ ಕೌನ್ಸಿಲರ್‌ಗಳು, ಆದರೆ ಎಲ್ಲರೂ ಇಡೀ ಪ್ರದೇಶದ ಪ್ರತಿನಿಧಿಗಳು. ಬೆಲ್‌ಫಾಸ್ಟ್‌ನ ಬೊಟಾನಿಕ್ ನೋಡಿ: ಸ್ಟ್ರಾನ್‌ಮಿಲಿಸ್, ವಿಂಡ್ಸರ್ ಮುಂತಾದ ಐದು ವಾರ್ಡುಗಳು, ಐವರು ಕೌನ್ಸಿಲರ್‌ಗಳು. ಸ್ಟ್ರಾನ್‌ಮಿಲಿಸ್‌ನಲ್ಲಿರುವವರು ಆ ಐವರಲ್ಲಿ ಯಾರಿಗಾದರೂ ಬರೆಯಬಹುದು. ಒಬ್ಬರು ಉತ್ತರಿಸದಿದ್ದರೆ ಇನ್ನೂ ನಾಲ್ವರಿದ್ದಾರೆ!

ಕೌನ್ಸಿಲ್ ಚುನಾವಣೆಯ ಮತಪತ್ರದಲ್ಲಿ ‘X’ ಗುರುತು ಬೇಡ. 1, 2, 3 ಎಂದು ಆದ್ಯತೆ ಬರೆಯಿರಿ. ಒಟ್ಟು 11 ಕೌನ್ಸಿಲ್ ಜಿಲ್ಲೆ, 80 ಚುನಾವಣಾ ಪ್ರದೇಶ, 462 ವಾರ್ಡುಗಳಿವೆ. 26 ಜಿಲ್ಲೆಗಳ ನಕಾಶೆಯನ್ನು ದಯವಿಟ್ಟು ಮತ್ತೆ ಹಂಚಬೇಡಿ, ಅದು 2015ರ ಏಪ್ರಿಲ್‌ನಲ್ಲೇ ಹಳತಾಯಿತು.