ಹಳೆಯ ಟಿವಿಗೆ ಕರೆಂಟು ಕೊಡುವ ಮುನ್ನ

ಪ್ರಿಯ ಗೆಳೆಯಾ,

ರಾಯಚೂರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ನಿನಗೆ ಸಿಕ್ಕ ಇಪ್ಪತ್ತು ಇಂಚಿನ ಕಪ್ಪು-ಬಿಳುಪು ಟಿವಿಯ ಚಿತ್ರಗಳನ್ನು ನೋಡಿದೆ. ಮರದ ಪೆಟ್ಟಿಗೆ, ಅಕ್ಕಪಕ್ಕಕ್ಕೆ ಸರಿಯುವ ಶಟರು, ಚಾನೆಲ್ ಬದಲಿಸುವ ತಿರುಗುಗುಂಡಿ ಎಲ್ಲವೂ ಹಾಗೆಯೇ ಉಳಿದಿರುವುದು ಅಪರೂಪ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಟಿವಿ ಪ್ರಯೋಗದಲ್ಲಿ ನಿಮ್ಮ ಸೀಮೆಯ ಹಳ್ಳಿಗಳು ಬೆಂಗಳೂರಿಗಿಂತ ಮೊದಲೇ ಟಿವಿ ಕಂಡಿದ್ದವು ಎಂಬುದು ನೆನಪಾಗಿ ಸಂತೋಷವಾಯಿತು. ಆದರೆ ಒಮ್ಮೆ ಪ್ಲಗ್ ಹಾಕಿ ನೋಡಲೇ ಎಂದು ಕೇಳಿದ್ದೀಯಲ್ಲ, ದಯವಿಟ್ಟು ಹಾಕಬೇಡ. ಹಲವು ವರ್ಷ ಮೂಲೆ ಸೇರಿದ್ದ ಸೆಟ್ಟಿನೊಳಗಿನ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು, ಅಂದರೆ ಒಳಗೆ ರಾಸಾಯನಿಕ ದ್ರವವಿದ್ದು ಚಾರ್ಜನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗಗಳು, ಸಾಮಾನ್ಯವಾಗಿ ಒಣಗಿರುತ್ತವೆ ಅಥವಾ ಸೋರುತ್ತಿರುತ್ತವೆ. ಅವುಗಳ ಮೇಲೆ ಏಕಾಏಕಿ ಪೂರ್ಣ ವೋಲ್ಟೇಜು ಬಿದ್ದರೆ, ಒಂದು ಸಣ್ಣ ಬಿಡಿಭಾಗದ ದೋಷವು ಪಿಕ್ಚರ್ ಟ್ಯೂಬಿಗೆ ಹೆಚ್ಚು ವೋಲ್ಟೇಜು ಒದಗಿಸುವ, ಈಗ ಹುಡುಕಿದರೂ ಸುಲಭಕ್ಕೆ ಸಿಗದ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ ಸುಟ್ಟುಹಾಕಬಹುದು.

ಸೆಟ್ಟಿಗಿಂತ ನಿನ್ನ ಜೀವ ಮುಖ್ಯವಾದುದರಿಂದ ಆ ಮಾತನ್ನೇ ಮೊದಲು ಬರೆಯುತ್ತೇನೆ. ಪ್ಲಗ್ ಕಿತ್ತಿಟ್ಟ ಮಾತ್ರಕ್ಕೆ ಟಿವಿ ನಿರಪಾಯವಾಗುವುದಿಲ್ಲ. ಪಿಕ್ಚರ್ ಟ್ಯೂಬಿನ ಗಾಜಿನ ಒಳಮೈಗೂ ಹೊರಮೈಗೂ ಬಳಿದಿರುವ ಕಪ್ಪು ಇಂಗಾಲದ ಲೇಪಗಳು, ನಡುವಿನ ಗಾಜಿನೊಂದಿಗೆ ಸೇರಿ ತಾವೇ ಒಂದು ಕಂಡೆನ್ಸರಾಗುತ್ತವೆ. ಇಂಥ ಕಪ್ಪು-ಬಿಳುಪು ಸೆಟ್ಟಿನಲ್ಲಿ ಹದಿನೈದು ಸಾವಿರ ವೋಲ್ಟಿನ ಆಸುಪಾಸಿನ ಚಾರ್ಜು ಅಲ್ಲಿ ನಿಂತಿರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟಿನಲ್ಲಿ ಅದು ಉಳಿದಿರುವ ಸಂಭವ ಕಡಿಮೆಯೆಂಬುದು ನಿಜ. ಆದರೆ ಅಂಗಡಿಯವನು ಮೊನ್ನೆ ಯಾರಿಗಾದರೂ ಆನ್ ಮಾಡಿ ತೋರಿಸಿದ್ದನೋ ಏನೋ ನಮಗೆ ಹೇಗೆ ಗೊತ್ತು? ಆದ್ದರಿಂದ ಒಳಗೆ ಕೈ ಹಾಕುವ ಪ್ರತಿ ಸಲವೂ ಚಾರ್ಜು ಇಳಿಸಲೇಬೇಕು. ಪ್ಲಗ್ ತೆಗೆದು, ಒಂದು ವೈರಿನ ತುದಿಯನ್ನು ಟ್ಯೂಬಿನ ಹೊರಮೈಗೆ ಒತ್ತಿಕೊಂಡಿರುವ ಹೆಣೆದ ತಾಮ್ರದ ಪಟ್ಟಿಗೆ ಕ್ಲಿಪ್ ಮಾಡು. ಇನ್ನೊಂದು ತುದಿಯನ್ನು ಉದ್ದ ಹಿಡಿಯ ಇನ್ಸುಲೇಟೆಡ್ ಸ್ಕ್ರೂಡ್ರೈವರಿನ ಅಲಗಿಗೆ ಬಿಗಿದು, ಟ್ಯೂಬಿಗೆ ಹೆಚ್ಚು ವೋಲ್ಟೇಜಿನ ತಂತಿ ಸೇರುವಲ್ಲಿರುವ ರಬ್ಬರ್ ಟೋಪಿಯ ಅಡಿಗೆ, ಒಳಗಿನ ಲೋಹ ತಗಲುವವರೆಗೆ, ಅಲಗನ್ನು ನಿಧಾನವಾಗಿ ತೂರಿಸು. ಕೆಲವು ನಿಮಿಷಗಳ ಬಳಿಕ ಅದನ್ನೇ ಮತ್ತೊಮ್ಮೆ ಮಾಡು, ಏಕೆಂದರೆ ಗಾಜಿನಲ್ಲಿ ಅಡಗಿದ್ದ ಚಾರ್ಜಿನ ಒಂದು ಪಾಲು ಮತ್ತೆ ಮೇಲೇಳುತ್ತದೆ. ಪವರ್ ಸಪ್ಲೈಯ ದೊಡ್ಡ ಕಂಡೆನ್ಸರಿನಲ್ಲಿಯೂ ಮುನ್ನೂರು ವೋಲ್ಟಿಗೂ ಹೆಚ್ಚು ಇರಬಹುದು. ಅದನ್ನು ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡದೆ, ಕೆಲವು ಕಿಲೋ-ಓಮ್‌ನ, ಹತ್ತು ವ್ಯಾಟಿನ ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆಯನ್ನು ಕಣ್ಣಾರೆ ಕಂಡ ಮೇಲೆಯೇ ಮುಟ್ಟು.

ಟ್ಯೂಬಿನೊಳಗೆ ಗಾಳಿಯಿಲ್ಲವಾದ್ದರಿಂದ ಇಪ್ಪತ್ತು ಇಂಚಿನ ಮುಂಗಾಜಿನ ಮೇಲೆ ವಾತಾವರಣದ ಒತ್ತಡ ಒಂದು ಟನ್ನಿಗೂ ಹೆಚ್ಚಾಗುತ್ತದೆ. ಹಿಂದಿನ ಸಣ್ಣ ಕತ್ತು ಅದರ ಅತ್ಯಂತ ದುರ್ಬಲ ಭಾಗ. ಅದನ್ನು ಹಿಡಿದು ಎಂದೂ ಎತ್ತಬೇಡ. ಟ್ಯೂಬು ಒಡೆದರೆ ಗಾಜಿನ ಚೂರುಗಳು ಸಿಡಿಯುವುದರಿಂದ ಕೆಲಸ ಮಾಡುವಾಗ ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ.

ಇನ್ನೊಂದು ಅಪಾಯವನ್ನು ನಮ್ಮಲ್ಲಿ ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಕಾಲದ ಎಷ್ಟೋ ಸೆಟ್ಟುಗಳಲ್ಲಿ ಮೇನ್ಸಿನ (ಮನೆಯ ಕರೆಂಟಿನ) ಒಂದು ತಂತಿ ನೇರವಾಗಿ ಒಳಗಿನ ಲೋಹದ ಚೌಕಟ್ಟಾದ ಚಾಸಿಗೇ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಇಡೀ ಚಾಸಿಗೆ ಫೇಸ್ ಬರುತ್ತದೆ. ಮನೆಯಲ್ಲಿ ಸ್ಟೆಬಿಲೈಸರ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳಬೇಡ. ಸಾಮಾನ್ಯ ಸ್ಟೆಬಿಲೈಸರಿನೊಳಗೆ ಇರುವುದು ಒಂದೇ ತಂತಿ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರು, ಅದು ವೋಲ್ಟೇಜನ್ನು ಏರಿಸಿ ಇಳಿಸುತ್ತದೆಯೇ ಹೊರತು ನಿನ್ನನ್ನು ಮೇನ್ಸಿನಿಂದ ಬೇರ್ಪಡಿಸುವುದಿಲ್ಲ. ಬೇಕಾದುದು ಎರಡು ಪ್ರತ್ಯೇಕ ಸುರುಳಿಗಳುಳ್ಳ, 230ರಿಂದ 230 ವೋಲ್ಟಿನ ಐಸೋಲೇಷನ್ ಟ್ರಾನ್ಸ್‌ಫಾರ್ಮರು. ಅದಿದ್ದಾಗಲೂ ಎರಡು ಬಿಂದುಗಳನ್ನು ಒಟ್ಟಿಗೆ ಮುಟ್ಟಿದರೆ ಶಾಕ್ ಹೊಡೆದೇ ಹೊಡೆಯುತ್ತದೆ. ಆದ್ದರಿಂದ ಅಳತೆ ತೆಗೆಯುವಾಗ ಒಂದು ಕೈ ಜೇಬಿನಲ್ಲಿರಲಿ, ಮನೆಯಲ್ಲಿ ಇನ್ನೊಬ್ಬರಿರಲಿ.

ಧೂಳನ್ನು ಒಣ ಬ್ರಶ್ಶಿನಿಂದ ತೆಗೆದು, ಇಲಿ ಕಚ್ಚಿದ ವೈರುಗಳನ್ನು ಬದಲಿಸಿ, ಸುಟ್ಟ ಫ್ಯೂಸಿನ ಜಾಗದಲ್ಲಿ ಯಾರಾದರೂ ತಾಮ್ರದ ಎಳೆ ಸುತ್ತಿದ್ದಾರೆಯೇ ನೋಡು. ಸುತ್ತಿದ್ದರೆ ಅದನ್ನು ಕಿತ್ತು ಸರಿಯಾದ ಆಂಪಿಯರಿನ ಫ್ಯೂಸನ್ನೇ ಹಾಕು. ಆನಂತರ ಒಣಗಿದ ಎಲೆಕ್ಟ್ರೋಲಿಟಿಕ್‌ಗಳನ್ನು ಒಂದೆರಡರಂತೆ ಬದಲಿಸುತ್ತಾ ಹೋಗು. ಎಲ್ಲವನ್ನೂ ಒಮ್ಮೆಲೇ ಕಿತ್ತರೆ ಹೊಸ ತಪ್ಪು ಎಲ್ಲಿ ನುಸುಳಿತೆಂದು ತಿಳಿಯದು. ಅವುಗಳ ಮೇಲೆ ಬರೆದಿರುವ ಮೈಕ್ರೋಫ್ಯಾರಡ್, ಅಂದರೆ ಚಾರ್ಜು ಹಿಡಿಯುವ ಸಾಮರ್ಥ್ಯ, ಮೊದಲಿನಷ್ಟೇ ಇರಬೇಕು, ವೋಲ್ಟೇಜು ಮೊದಲಿನಷ್ಟೋ ಹೆಚ್ಚೋ ಇರಬಹುದು, 105 ಡಿಗ್ರಿ ಶಾಖ ತಾಳುವಂಥವು ಹೆಚ್ಚು ಬಾಳುತ್ತವೆ. ಭಾರದ ಭಾಗಗಳ ಕಾಲುಗಳ ಸುತ್ತ ಉಂಗುರದಂತೆ ಬಿರುಕು ಕಂಡರೆ ಅದು ಡ್ರೈ ಸೋಲ್ಡರ್, ಅಂದರೆ ಬಿಟ್ಟುಹೋದ ಬೆಸುಗೆ. ಮರು ಬೆಸುಗೆ ಹಾಕು. ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರಿಗೆ ಅಡ್ಡಲಾಗಿರುವ ಹೆಚ್ಚು ವೋಲ್ಟೇಜಿನ ಕಂಡೆನ್ಸರಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಅದರ ಸಾಮರ್ಥ್ಯ ಕಡಿಮೆಯಾದರೆ ಟ್ಯೂಬಿನ ವೋಲ್ಟೇಜು ಮಿತಿ ಮೀರಿ ಏರುತ್ತದೆ, ಎಕ್ಸ್-ರೇ ಹೊರಬೀಳುವ ಅಪಾಯವೂ ಅದರೊಂದಿಗೇ ಏರುತ್ತದೆ.

ಇಷ್ಟಾದ ಮೇಲೆ, ಐಸೋಲೇಷನ್ ಟ್ರಾನ್ಸ್‌ಫಾರ್ಮರಿಗೂ ಟಿವಿಗೂ ನಡುವೆ 100 ವ್ಯಾಟಿನ ಹಳೆಯ ತಂತಿಯ ಬಲ್ಬನ್ನು ಸೀರೀಸಿನಲ್ಲಿ, ಅಂದರೆ ಕರೆಂಟು ಅದರ ಮೂಲಕವೇ ಟಿವಿಗೆ ಹರಿಯುವಂತೆ, ಹಾಕಿ ಆನ್ ಮಾಡು. ಇಲ್ಲಿ ಎಲ್‌ಇಡಿ ಬಲ್ಬು ನಡೆಯದು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಒಳ್ಳೆಯ ಸೂಚನೆ, ಪ್ರಖರವಾಗಿಯೇ ನಿಂತರೆ ಶಾರ್ಟ್ ಇದೆಯೆಂದು ತಿಳಿದು ತಕ್ಷಣ ಆಫ್ ಮಾಡು.

ಚಿತ್ರ ಬರಿಸಲು ಆರ್‌ಎಫ್ (ಆ್ಯಂಟೆನಾಕ್ಕೆ ಕೊಡುವಂಥ ರೇಡಿಯೋ ಸಂಕೇತದ) ಔಟ್‌ಪುಟ್ ಇರುವ ಸೆಟ್‌ಟಾಪ್ ಬಾಕ್ಸಾಗಲಿ, ವಿಡಿಯೋವನ್ನು ಅಂಥ ಸಂಕೇತವಾಗಿಸುವ ಒಂದು ಮಾಡ್ಯುಲೇಟರಾಗಲಿ ಬೇಕು. ಆ್ಯಂಟೆನಾದ ಮೂಲಕವೇ ಕೊಡು. ಒಳಗಿನ ಸರ್ಕ್ಯೂಟಿಗೆ ನೇರವಾಗಿ ವಿಡಿಯೋ ತಂತಿ ಬೆಸೆಯುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡ, ಏಕೆಂದರೆ ಚಾಸಿಯ ಫೇಸ್ ಆ ತಂತಿಯ ಮೂಲಕ ಹೊರಗಿನ ಪೆಟ್ಟಿಗೆಯ ಮೈಗೂ ಹರಿಯುತ್ತದೆ. ಆ್ಯಂಟೆನಾ ಸಾಕೆಟ್ಟಿನ ಹಿಂದೆ ಚಾಸಿಯನ್ನು ಬೇರ್ಪಡಿಸುವ ಸಣ್ಣ ಕಂಡೆನ್ಸರುಗಳಿವೆಯೇ, ಅವು ಸರಿಯಾಗಿವೆಯೇ ಎಂಬುದನ್ನೂ ಮೊದಲೇ ಪರೀಕ್ಷಿಸು.

ಮರದ ಪಾಲಿಶ್ ಕೊನೆಗಿರಲಿ. ಈಗ ಹಿಂದಿನ ಮುಚ್ಚಳವನ್ನು ತೆಗೆದು, ಒಳಗೆ ಏನನ್ನೂ ಮುಟ್ಟದೆ, ಪವರ್ ಸಪ್ಲೈ ಇರುವ ಬದಿಯ ಎರಡು ಚಿತ್ರಗಳನ್ನೂ ಟ್ಯೂಬಿನ ಮೇಲೆ ಅಂಟಿಸಿರುವ ಚೀಟಿಯ ಸಂಖ್ಯೆಯನ್ನೂ ಕಳುಹಿಸು. ಬಿಡಿಭಾಗಗಳ ಪಟ್ಟಿ ಮಾಡಿ, ಇಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವುದನ್ನು ನಾನೇ ಕೊಂಡು ಕಳುಹಿಸುತ್ತೇನೆ.

ಇಂತು ನಿನ್ನ ಪ್ರೀತಿಯ ಗೆಳೆಯ