ಪೋಸ್ಟರ್ ಕೆಲಸ: ಇರೇಸರ್ ಬೇಡ, ಮಾಸ್ಕ್ ಹಾಕಿ

ಎಲ್ಲರಿಗೂ ನಮಸ್ಕಾರ. ಮಲ್ಪೆ ಕಡಲಿನ ಪೋಸ್ಟರಿಗೆ ನೀವು ಕಳಿಸಿದ ಫೈಲುಗಳನ್ನು ನಿನ್ನೆ ರಾತ್ರಿ ಕೂತು ನೋಡಿದೆ. ಮೂರರಲ್ಲಿ ಯಕ್ಷಗಾನ ವೇಷದ ಅಂಚನ್ನು ಇರೇಸರಿನಿಂದಲೇ ಅಳಿಸಿದ್ದೀರಿ. ಕಿರೀಟದ ತುದಿ ಹೋಗಿಬಿಟ್ಟಿದೆ, ನೋಡಿ ಬೇಜಾರಾಯಿತು. ದಯವಿಟ್ಟು ಲೇಯರ್ ಮಾಸ್ಕ್ ಬಳಸಿ, ಅಂದರೆ ಚಿತ್ರದ ಪದರಕ್ಕೆ (ಲೇಯರಿಗೆ) ಹಾಕುವ ಮುಸುಕು. ಮಾಸ್ಕಿನಲ್ಲಿ ಕಪ್ಪು ಬಳಿದಲ್ಲಿ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ, ಬೂದು ಬಳಿದರೆ ಅರ್ಧಂಬರ್ಧ. ಮೂಲ ಚಿತ್ರಕ್ಕೆ ಏನೂ ಆಗುವುದಿಲ್ಲ.

ವೇಷ ಅಲೆಯ ನೊರೆಯಿಂದ ಎದ್ದು ಬಂದ ಹಾಗೆ ಕಾಣಬೇಕಲ್ಲ? ಮಾಸ್ಕಿನಲ್ಲಿ ಕೆಳಗೆ ಕಪ್ಪು, ಮೇಲೆ ಬಿಳಿ ಬರುವಂತೆ ಗ್ರೇಡಿಯೆಂಟ್ (ಒಂದು ಬಣ್ಣ ನಿಧಾನಕ್ಕೆ ಇನ್ನೊಂದಾಗುವ ಛಾಯೆ) ಎಳೆಯಿರಿ. ಅಷ್ಟಕ್ಕೇ ಬಿಟ್ಟರೆ ಪರದೆ ಇಳಿಸಿದ ಹಾಗೆ ಸಪಾಟಾಗಿ ಕಾಣುತ್ತದೆ, ನಮ್ಮ ಕಡಲಿನ ನೊರೆ ಹಾಗಿರುವುದಿಲ್ಲ. ಮೆತ್ತಗಿನ ಬ್ರಶ್ ತೆಗೆದುಕೊಂಡು, ಫ್ಲೋ (ಬ್ರಶ್ಶಿನಿಂದ ಬಣ್ಣ ಹರಿಯುವ ಪ್ರಮಾಣ) 10 ಶೇಕಡಾ ಆಸುಪಾಸು ಇಟ್ಟು, ಗೆಜ್ಜೆಯ ಸುತ್ತ ನಿಧಾನಕ್ಕೆ ಸವರಿ. ಫೋಟೋಶಾಪಿನಲ್ಲಿ ಎಕ್ಸ್ ಕೀ ಒತ್ತಿದರೆ ಬ್ರಶ್ಶಿನ ಬಣ್ಣ ಕಪ್ಪು ಬಿಳಿ ಅದಲುಬದಲಾಗುತ್ತದೆ. ಆಲ್ಟ್ ಹಿಡಿದು ಲೇಯರ್ ಪಟ್ಟಿಯಲ್ಲಿರುವ ಮಾಸ್ಕಿನ ಚಿಕ್ಕ ಚೌಕ ಕ್ಲಿಕ್ ಮಾಡಿದರೆ ಮಾಸ್ಕ್ ಮಾತ್ರ ಕಾಣುತ್ತದೆ, ಬಿಟ್ಟುಹೋದ ಕಲೆಗಳೆಲ್ಲ ಅಲ್ಲಿ ಗೊತ್ತಾಗುತ್ತವೆ. ಚಿತ್ರ ತಿದ್ದುವ ಇನ್ನೊಂದು ತಂತ್ರಾಂಶವಾದ ಗಿಂಪ್‌ನಲ್ಲೂ ಕಪ್ಪು ಬಿಳಿಯ ಲೆಕ್ಕ ಇದೇ.

ಬಳಿಯುವ ಮೊದಲು ಆಯ್ಕೆಯಾಗಿರುವುದು ಮಾಸ್ಕೋ ಚಿತ್ರವೋ ನೋಡಿಕೊಳ್ಳಿ, ಮಾಸ್ಕೇ ಆಗಿರಬೇಕು. ಶನಿವಾರ ಸಂಜೆಯೊಳಗೆ ಲೇಯರ್ ಸಮೇತ ಫೈಲ್ ಕಳಿಸಿ, ಜೆಪೆಗ್ ಬೇಡ.