ಹೆಸರು ಬದಲಿಸಿದರೆ ಸಾಲದು

ಪ್ರೀತಿಯ ತಂಗಿ,

ಕತೆಯಲ್ಲಿ ಬರುವ ಅತ್ತೆಯ ಹೆಸರು ಬದಲಿಸಿದ್ದೇನೆ, ಅಷ್ಟು ಸಾಕಲ್ಲವೇ ಎಂದು ಕೇಳಿದ್ದೀಯ. ಸಾಲದು. ಊರು ದೊಡ್ಡದಿದ್ದರೆ ನಡೆದುಹೋಗುತ್ತಿತ್ತು. 2011ರ ಜನಗಣತಿಯಲ್ಲಿ ನಮ್ಮ ಇಡೀ ಕೊಡಗು ಜಿಲ್ಲೆಯ ಜನಸಂಖ್ಯೆ ಸುಮಾರು 5.5 ಲಕ್ಷ. ಮಡಿಕೇರಿಯ ಬಸ್ ನಿಲ್ದಾಣದಲ್ಲಿ ಗುರುತಿಲ್ಲದ ಇಬ್ಬರು ಮಾತಿಗೆ ನಿಂತರೂ ಸಾಕು, ಬಸ್ ಬರುವುದರೊಳಗೆ ಯಾವ ಮನೆ, ಯಾರ ಮಗಳು, ಎಲ್ಲಿಗೆ ಕೊಟ್ಟಿದ್ದು ಎಲ್ಲ ಆಚೆಗೆ ಬಂದಿರುತ್ತದೆ. ನಿನ್ನ ಕತೆಯ ಅತ್ತೆಗೆ ವಿರಾಜಪೇಟೆ ಕಡೆ ಮನೆ, ಗಂಡ ಸೇನೆಯಿಂದ ನಿವೃತ್ತ, ಮಗಳು ಹೊರದೇಶದಲ್ಲಿ, ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಪಾಲಿನ ವ್ಯಾಜ್ಯ ಕೋರ್ಟಿನಲ್ಲಿ. ಬಿಡಿಬಿಡಿಯಾಗಿ ನೋಡಿದರೆ ಇವು ನೂರಾರು ಮನೆಗಳಲ್ಲಿ ಇರುವಂಥದ್ದೇ. ನಾಲ್ಕನ್ನೂ ಕೂಡಿಸಿದರೆ ಒಂದೇ ಮನೆ ಉಳಿಯುತ್ತದೆ, ಅದು ಯಾವುದೆಂದು ಆ ಕಡೆಯವರೆಲ್ಲರಿಗೂ ಗೊತ್ತಾಗುತ್ತದೆ.

ಹಾಗಾಗಿ ಮೊದಲು ಒಂದು ಹಾಳೆ ತೆಗೆದುಕೊಂಡು ಆ ಪಾತ್ರದ ವಿವರಗಳನ್ನೆಲ್ಲ ಒಂದರ ಕೆಳಗೊಂದು ಬರೆ. ಯಾವುದನ್ನು ತೆಗೆದರೆ ಕತೆಯೇ ಬಿದ್ದುಹೋಗುತ್ತದೋ ಅದರ ಕೆಳಗೆ ಗೆರೆ ಎಳೆ. ನಿನ್ನ ಕತೆಗೆ ಬೇಕಿರುವುದು ಪಾಲಿನ ಜಗಳ, ಅತ್ತೆಯ ಹಠ, ಇವೆರಡೇ. ಸೇನೆ, ವಿರಾಜಪೇಟೆ, ಹೊರದೇಶದ ಮಗಳು, ಇವೆಲ್ಲ ನೆನಪಿನಿಂದ ತಾವಾಗಿ ಬಂದು ಕೂತವು. ಗೆರೆ ಬೀಳದ ವಿವರಗಳಲ್ಲಿ ಮೂರನ್ನಾದರೂ ಬದಲಿಸು, ಕಾಲವನ್ನು ಹತ್ತು ವರ್ಷ ಹಿಂದಕ್ಕೋ ಮುಂದಕ್ಕೋ ಸರಿಸು. ಕಾಲ ಸರಿಸಿದರೆ ಅದರ ಜೊತೆಗಿನದನ್ನೂ ಸರಿಸಬೇಕು: ಪೊನ್ನಂಪೇಟೆ, ಕುಶಾಲನಗರ ಬೇರೆ ತಾಲ್ಲೂಕುಗಳಾದದ್ದು ಇತ್ತೀಚೆಗೆ, 2000ದ ಕತೆಯಲ್ಲಿ ಪೊನ್ನಂಪೇಟೆ ತಾಲ್ಲೂಕು ಕಚೇರಿ ಬಂದರೆ ಓದುಗ ನಗುತ್ತಾನೆ. ಮನೆಹೆಸರು ಹುಟ್ಟಿಸಲು ಹೋಗಬೇಡ. ನೀನು ಕಲ್ಪಿಸಿದೆ ಅಂದುಕೊಂಡ ಹೆಸರಿನ ಮನೆ ಯಾವುದೋ ನಾಡಿನಲ್ಲಿ ಇದ್ದೇ ಇರುತ್ತದೆ. ಮನೆಹೆಸರಿಲ್ಲದೆಯೂ ಕತೆ ನಡೆಯುತ್ತದೆ.

ಇನ್ನೊಂದು ಅಡ್ಡದಾರಿಯನ್ನು ಬಹಳ ಜನ ಹಿಡಿಯುತ್ತಾರೆ, ಅದನ್ನು ಮಾತ್ರ ಹಿಡಿಯಬೇಡ. ಗುರುತು ಮರೆಸಲೆಂದು ಪಾತ್ರದ ಜಾತಿ, ಸಮುದಾಯವನ್ನೇ ಬದಲಿಸುವುದು. ಕೊಡವರ ಮನೆಯಲ್ಲಿ ನಡೆದ ಮೋಸವನ್ನು ಅರೆಭಾಷೆ ಗೌಡರ ಮನೆಗೆ, ಅವರದ್ದನ್ನು ಮಾಪಿಳ್ಳೆಯವರ ಅಂಗಡಿಗೆ ದಾಟಿಸಿದರೆ ನಿನ್ನ ಅತ್ತೆ ಬಚಾವಾದಾಳು, ಆದರೆ ಆ ಮೋಸಕ್ಕೆ ಸಂಬಂಧವೇ ಇಲ್ಲದ ಒಂದು ಇಡೀ ಜನದ ತಲೆಗೆ ಅದು ಕಟ್ಟಿಬಿದ್ದಿರುತ್ತದೆ.

ಕರಡನ್ನು ಅದೇ ಊರಿನ, ಆದರೆ ಆ ಕುಟುಂಬಕ್ಕೆ ಸೇರದ ಒಬ್ಬರಿಗೆ ಓದಲು ಕೊಡು. ಎರಡು ಪುಟದೊಳಗೆ ‘ಇವರು ಅವರಲ್ವಾ?’ ಅಂದರೆ ಹಾಳೆಗೆ ವಾಪಸ್ ಹೋಗು. ಬಾಯಿ ಬಿಗಿ ಇರುವವರನ್ನೇ ಆರಿಸಿಕೋ, ಇಲ್ಲದಿದ್ದರೆ ಕತೆ ಅಚ್ಚಾಗುವ ಮೊದಲೇ ಸಂತೆಗೆ ಬಂದಿರುತ್ತದೆ.

ಸತ್ತವರ ವಿಷಯಕ್ಕೆ ಯಾರ ಒಪ್ಪಿಗೆಯೂ ಬೇಡ ಎಂದು ತಿಳಿದವರಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಬದುಕಿದ್ದರೆ ಮಾನಹಾನಿ ಆಗುತ್ತಿದ್ದಂಥ ಮಾತನ್ನು ಮನೆಯವರ ಮನಸ್ಸು ನೋಯಿಸುವ ಉದ್ದೇಶದಿಂದ ಸತ್ತವರ ಮೇಲೆ ಹೊರಿಸಿದರೂ ಅದು ಮಾನಹಾನಿಯೇ. ಕಾನೂನು ಪಕ್ಕಕ್ಕಿರಲಿ. ಹಿರಿಯರ ಗುಡಿಯಾದ ಕೈಮಡ ಕಟ್ಟಿ, ವರ್ಷಕ್ಕೊಮ್ಮೆ ಕಾರಣರಿಗೆ, ಅಂದರೆ ಕುಲದ ಪೂರ್ವಿಕರಿಗೆ, ಎಡೆ ಇಡುವ ನಾಡು ಇದು. ಇಲ್ಲಿ ಮುತ್ತಜ್ಜನ ಬಗ್ಗೆ ಬರೆಯುವುದೂ ಮನೆಯೊಳಗೆ ಕೂತಿರುವವರ ಬಗ್ಗೆ ಬರೆದಂತೆಯೇ. ಬರೆಯಬೇಡ ಅನ್ನುತ್ತಿಲ್ಲ. ಮನೆಯ ಹಿರಿಯರೊಬ್ಬರಿಗೆ ಮೊದಲೇ ತಿಳಿಸು. ಅವರಿಗೆ ಇಷ್ಟವಾಗದಿದ್ದರೂ ಪತ್ರಿಕೆ ನೋಡಿ ಗೊತ್ತಾಗುವುದಕ್ಕಿಂತ ಅದು ಮೇಲು.

ಈಗ ಕಷ್ಟದ ಪ್ರಶ್ನೆ. ಅತ್ತೆಯ ಮೇಲಿನ ಸಿಟ್ಟಿಗೆ ಬರೆದೆಯೋ, ಅತ್ತೆಯನ್ನು ಅರ್ಥ ಮಾಡಿಕೊಳ್ಳಲು ಬರೆದೆಯೋ? ಸಿಟ್ಟಿನಿಂದ ಶುರುವಾದ ಒಳ್ಳೆಯ ಕತೆಗಳಿವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಸಿಟ್ಟಿನಲ್ಲೇ ಮುಗಿದ ಕತೆ ಗೊತ್ತಾಗಿಬಿಡುತ್ತದೆ: ಖಳರಿಗೆ ಗಂಟಲು ಮಾತ್ರ ಇರುತ್ತದೆ, ಕಾರಣ ಇರುವುದಿಲ್ಲ. ಅತ್ತೆಯ ಬಾಯಿಂದಲೇ, ‘ನಾನು’ ಎಂದು, ಒಂದು ಪುಟ ಬರೆದು ನೋಡು. ಅಚ್ಚಿಗಲ್ಲ, ನಿನಗೆ. ಅವಳ ವಾದ ಓದಿ ನಿನಗೇ ‘ಹೌದಲ್ಲ’ ಅನ್ನಿಸಬೇಕು. ಆ ಪುಟ ಬರೆಯಲಾಗದಿದ್ದರೆ ಆ ವ್ಯಾಜ್ಯದ ಬಗ್ಗೆ ನಿನಗೆ ಗೊತ್ತಿರುವುದು ಸಾಲದು ಎಂದೇ ಅರ್ಥ. ಕತೆಯನ್ನು ಮುಚ್ಚಿಡು, ಇನ್ನಷ್ಟು ಕೇಳಿಕೊಂಡು ಬಾ.

ನೀನು ಲೇಖನಗಳನ್ನೂ ಬರೆಯಬೇಕೆಂದಿದ್ದೀಯ. ಅದಕ್ಕೆ ನೋಟ್‌ಬುಕ್ಕಿನ ಶಿಸ್ತು ಬೇಕು. ಪ್ರತಿ ಸಾಲಿನ ಮುಂದೆ ಒಂದಕ್ಷರ ಹಾಕು: ಕಂಡದ್ದಕ್ಕೆ ‘ಕಂ’, ಕೇಳಿದ್ದಕ್ಕೆ ‘ಕೇ’, ನಿನ್ನ ಊಹೆಗೆ ‘ಊ’. ಆರು ತಿಂಗಳಾದ ಮೇಲೆ ಮೂರೂ ಒಂದೇ ರೀತಿ ನೆನಪಾಗುತ್ತವೆ, ಆಗ ಬೇರ್ಪಡಿಸಲು ಆಗುವುದಿಲ್ಲ. ಅಂದಂದಿನದನ್ನು ಅಂದೇ ಬರೆ. ತೋಟದ ಲೆಕ್ಕ ಬರೆಯುವ ರೈಟರ್ ಹಾಜರಿ ಪುಸ್ತಕವಾದ ಚೆಕ್‌ರೋಲ್ ತುಂಬುವುದೂ ಹಾಗೆಯೇ, ವಾರಕ್ಕೊಮ್ಮೆ ಕೂತು ತುಂಬಿದರೆ ಒಬ್ಬರ ಹಾಜರಿ ಇನ್ನೊಬ್ಬರಿಗೆ ಹೋಗಿ ಸಂಬಳದ ದಿನ ಜಗಳವಾಗುತ್ತದೆ.

ಮಳೆಯ ಬಗ್ಗೆ ಬರೆಯದ ಕೊಡಗಿನ ಬರಹಗಾರರಿಲ್ಲ. ಸರಿಯಾಗಿ ಬರೆಯುವವರು ಕಡಿಮೆ. ನಮ್ಮ ಬೆಳೆಗಾರರು ಇಂಚು, ಸೆಂಟಿನಲ್ಲಿ ಅಳೆಯುತ್ತಾರೆ, ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ. ಒಂದು ಇಂಚಿಗೆ 100 ಸೆಂಟು, 25.4 ಮಿ.ಮೀ. ತೋಟದವರು ‘ಇಪ್ಪತ್ತು ಸೆಂಟು ಬಿತ್ತು’ ಅಂದರೆ 5 ಮಿ.ಮೀ. ಅಷ್ಟೆ, ಅದನ್ನು ಧಾರಾಕಾರ ಅನ್ನಬೇಡ. ಇಲಾಖೆಯ ಲೆಕ್ಕ ಬೆಳಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯದು. ಆದ್ದರಿಂದ 16ನೇ ತಾರೀಖಿನ ಲೆಕ್ಕದಲ್ಲಿ ತೋರುವ ಮಳೆಯ ಹೆಚ್ಚಿನ ಗಂಟೆಗಳು 15ನೇ ತಾರೀಖಿನವು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಜರಿದುದರ ಬಗ್ಗೆ ಬರೆಯುವಾಗ ಈ ಒಂದು ದಿನದ ವ್ಯತ್ಯಾಸದಿಂದ ಮಳೆಗೂ ಜರಿತಕ್ಕೂ ಇರುವ ನಂಟೇ ತಲೆಕೆಳಗಾಗಬಹುದು. ಅಂಥ ಬರಹದಲ್ಲಿ ‘ಭೀಕರ’, ‘ರುದ್ರನರ್ತನ’ ಹೊಡೆದುಹಾಕಿ ಅಂಕಿ, ಗಂಟೆ, ಜಾಗದ ಹೆಸರು ಇಡು. ಮನೆ ಕಳೆದುಕೊಂಡವರು ಓದುವಾಗ ಅವರಿಗೆ ನಿನ್ನ ವಿಶೇಷಣ ಬೇಕಿರುವುದಿಲ್ಲ.

ಹೂಮಳೆಯೂ ಹಾಗೆ. ಫೆಬ್ರವರಿ, ಮಾರ್ಚಿನ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ, ಎರಡು ಮೂರು ದಿನ ನಿಲ್ಲುತ್ತದೆ. ಮಳೆ ಬಿದ್ದ ಮಾರನೆಯ ಬೆಳಗ್ಗೆ ನಾಯಕಿ ಹೂವಿನ ನಡುವೆ ನಡೆದಳು ಎಂದು ಬರೆದವರನ್ನು ತೋಟದವರು ಮತ್ತೆ ನಂಬುವುದಿಲ್ಲ, ಹೆಚ್ಚು ಮುಖ್ಯವಾದ ವಿಷಯದಲ್ಲೂ.

ತೋಟದ ಕಾರ್ಮಿಕರು ವಾಸಿಸುವ ಲೈನ್‌ಮನೆಗಳ ಬಗ್ಗೆ ಬರೆಯುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು, ಇದನ್ನು ನಿಧಾನವಾಗಿ ಓದು. ತೋಟದ ಮಾಲೀಕರೋ ಮೇಸ್ತ್ರಿಯೋ ಪಕ್ಕದಲ್ಲಿ ನಿಂತಿರುವಾಗ ಯರವ ಎಂಬ ಆದಿವಾಸಿ ಸಮುದಾಯದ ಒಬ್ಬ ಹೆಂಗಸು ‘ಹೂಂ, ಬರೀರಿ’ ಅಂದರೆ ಅದು ಒಪ್ಪಿಗೆಯಲ್ಲ. ಮುಂಗಡ ತೆಗೆದುಕೊಂಡವರಿಗೆ ಬೇಡ ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಮೇಸ್ತ್ರಿಯ ಮೂಲಕ ಹೋಗಬೇಡ. ಸಂತೆಯ ದಿನ ಹೋಗಬೇಡ, ಅವರ ಕೈಲಿರುವ ಬಿಡುವು ಅದೊಂದೇ. ಅವರಾಗಿಯೇ ಎದ್ದು ಹೋಗಲು ಆಗುವಂಥ ಜಾಗದಲ್ಲಿ ಕೂತು ಮಾತಾಡು, ಅವರ ಮನೆಯೊಳಗೆ ಕೂತರೆ ನಿನ್ನನ್ನು ಎಬ್ಬಿಸಲು ಅವರಿಗೆ ಸಂಕೋಚ. ಇದು ಯಾತಕ್ಕೆ, ಎಲ್ಲಿ ಅಚ್ಚಾಗುತ್ತದೆ, ಯಾರು ಓದುತ್ತಾರೆ ಎಂದು ಹೇಳು. ಇಂಥ ದಿನದವರೆಗೆ ‘ಬೇಡ’ ಅಂದರೆ ತೆಗೆದುಬಿಡುತ್ತೇನೆ ಎಂದು ಒಂದು ದಿನ ಗೊತ್ತುಮಾಡಿ, ಆ ದಿನದ ಮೊದಲು ನೀನೇ ಮತ್ತೊಮ್ಮೆ ಹೋಗು, ಅವರು ನಿನ್ನನ್ನು ಹುಡುಕಿಕೊಂಡು ಬರಲಿ ಎಂದು ಕಾಯಬೇಡ. ಬರೆದದ್ದನ್ನು ಓದಿ ಹೇಳು, ಕನ್ನಡ ಸರಿಯಾಗಿ ತಿಳಿಯದವರಾದರೆ ಅವರ ಮಾತು ಬಲ್ಲವರಿಂದ ಹೇಳಿಸು.

ಅವರು ಒಪ್ಪಿದರೂ, ಅಲ್ಲೇ ಕೆಲಸದಲ್ಲಿರುವವರೆಗೆ ತೋಟದ ಹೆಸರು, ಅವರ ಹೆಸರು ಎರಡನ್ನೂ ಹಾಕಬೇಡ. ಲೈನ್‌ಮನೆಯಲ್ಲಿ ಕೆಲಸ ಹೋದರೆ ಸೂರೂ ಹೋಗುತ್ತದೆ. ಹೀಗೆ ಮುಚ್ಚಿಟ್ಟರೆ ಅನ್ಯಾಯ ಮಾಡಿದ ಮಾಲೀಕರೂ ಬಚಾವಾಗುವುದಿಲ್ಲವೇ ಎಂದು ನೀನು ಕೇಳಬಹುದು. ಹೌದು, ಕೆಲವೊಮ್ಮೆ ಆಗುತ್ತಾರೆ. ಅನ್ಯಾಯಕ್ಕೆ ಚೀಟಿ, ಹಾಜರಿ, ಸಾಕ್ಷಿ ಇದ್ದರೆ ಅದು ಕತೆಗೆ ಬೇಕಾದ ಸಾಮಗ್ರಿಯಲ್ಲ. ಕಾರ್ಮಿಕ ಇಲಾಖೆಗೆ ಹೋಗಬೇಕಾದ ದೂರು. ಆ ದೂರಿಗೆ ಅವರ ಜೊತೆ ನಡೆದು ಹೋಗುವುದಾದರೆ ಹೋಗು, ಅದು ಬಿಟ್ಟು ಒಂದು ಕತೆ ಬರೆದು ನ್ಯಾಯ ಕೊಡಿಸಿದೆ ಎಂದು ಮಾತ್ರ ಅಂದುಕೊಳ್ಳಬೇಡ. ಯರವರ ಮಾತನ್ನು ನಗಿಸಲಿಕ್ಕೆಂದು ಬಳಸುವ ಚಾಳಿ ನಮ್ಮ ನಾಟಕಗಳಲ್ಲಿ ಸಾಕಷ್ಟಿದೆ, ನೀನು ಅದಕ್ಕೆ ಸೇರಿಸಬೇಡ.

ಹಾಡು ಸಂಗ್ರಹಿಸುವ ಆಸೆ ಇದೆ ಎಂದಿದ್ದೀಯ, ಒಳ್ಳೆಯದು. ಕೊಡವರ ಹಾಡುಗಳನ್ನು ಕೂಡಿಸಿದ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಬಂತು, ನೂರು ವರ್ಷ ದಾಟಿದರೂ ಹಬ್ಬದ ಹಾಡು, ಮದುವೆಯ ಹಾಡು ಬೇಕಾದವರು ಇಂದಿಗೂ ಅದನ್ನೇ ತೆರೆಯುತ್ತಾರೆ. ದುಡಿ ಎಂಬ ಪುಟ್ಟ ವಾದ್ಯ ಬಾರಿಸುತ್ತ ನಾಲ್ವರು, ಇಬ್ಬರಿಬ್ಬರಾಗಿ ಸಾಲು ಹಂಚಿಕೊಂಡು ಹಾಡುವುದು ನಮ್ಮ ಕ್ರಮ. ಒಬ್ಬರನ್ನೇ ಕೂರಿಸಿ ರೆಕಾರ್ಡ್ ಮಾಡಿದರೆ ಜೊತೆಯವರು ಹಿಡಿಯಬೇಕಾದ ಸಾಲು ತಪ್ಪಿಹೋಗುತ್ತದೆ, ಹಾಡುವವರಿಗೂ ಮುಂದಿನದು ಹೊಳೆಯುವುದಿಲ್ಲ. ನಾಲ್ವರೂ ಸೇರುವ ದಿನಕ್ಕೆ ಕಾಯಿ. ರೆಕಾರ್ಡ್ ಮಾಡಲು ಒಮ್ಮೆ ಕೇಳು, ಅಚ್ಚು ಮಾಡಲು ಬೇರೆಯಾಗಿ ಕೇಳು, ಯೂಟ್ಯೂಬಿಗೆ ಹಾಕಲು ಇನ್ನೊಮ್ಮೆ ಕೇಳು. ಮೊದಲನೆಯದಕ್ಕೆ ಹೂಂ ಅಂದವರು ಮೂರನೆಯದಕ್ಕೆ ಬೇಡ ಅನ್ನುವುದು ಸಾಮಾನ್ಯ. ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ 50 ವರ್ಷದ ಹಕ್ಕಿದೆ, ಇದು ದಯೆಯ ಮಾತಲ್ಲ. ಅವರ ಹೆಸರು ಹಾಡಿನ ಕೆಳಗೇ ಬರಬೇಕು, ಕೊನೆಯ ಪುಟದ ‘ನೆರವಾದವರು’ ಪಟ್ಟಿಯಲ್ಲಲ್ಲ. ಎರಡು ಊರಿನವರು ಎರಡು ರೀತಿ ಹಾಡಿದರೆ ಎರಡನ್ನೂ ಇಡು, ಬೆರೆಸಿ ಮೂರನೆಯದನ್ನು ಹೊಲಿಯಬೇಡ.

ಕೇಳಿದ್ದನ್ನೆಲ್ಲ ಬರೆಯಬೇಕಿಲ್ಲ. ದೇವರಕಾಡಿನೊಳಗೆ ಏನು ಬೆಳೆಯುತ್ತದೆ, ಎಲ್ಲಿ ಬೆಳೆಯುತ್ತದೆ ಎಂದು ಬರೆದ ತಿಂಗಳಿಗೇ ಗೋಣಿಚೀಲ ಹಿಡಿದವರು ಬಂದಾರು.

ದುಡ್ಡಿನ ವಿಷಯ ಚಿಕ್ಕದು. ಹೋಂಸ್ಟೇಯವರು ಬಿಟ್ಟಿ ಕೋಣೆ ಕೊಟ್ಟರೆ ಬರಹದಲ್ಲಿ ಆ ಮಾತಿರಲಿ, ಇಲ್ಲವೇ ಬರೆಯಬೇಡ. ಕುಟುಂಬದ ಚರಿತ್ರೆ, ಸ್ಮರಣ ಸಂಚಿಕೆ ಬರೆದುಕೊಡಲು ಕರೆದರೆ ಹೋಗು, ದುಡ್ಡೂ ತಗೋ, ಅರ್ಧ ಮೊದಲೇ ತಗೋ. ಒಂದು ಮಾತು ಮಾತ್ರ ಆರಂಭದಲ್ಲೇ ಹೇಳಿಬಿಡು: ಬೇಡವೆಂದ ಸಂಗತಿ ಬಿಡುತ್ತೇನೆ, ಇಲ್ಲದ ಸಂಗತಿ ಸೇರಿಸುವುದಿಲ್ಲ. ಅರಸರ ಕಾಲದಲ್ಲಿ ದಿವಾನರಾಗಿದ್ದರು ಎಂದು ಬರೆಸಲು ಬರುವ ಮನೆಗಳು ಆ ಕಾಲದಲ್ಲಿದ್ದ ದಿವಾನರಿಗಿಂತ ಜಾಸ್ತಿ.

ಸಾರ್ಥಕ ಬದುಕಿಗೆ ಎಷ್ಟು ಬರೆಯಬೇಕು ಎಂದು ಕೇಳಿದ್ದೀಯ. ಕತೆಗಾರ್ತಿ ಕೊಡಗಿನ ಗೌರಮ್ಮ ಹುಟ್ಟಿದ್ದು 1912ರಲ್ಲಿ, 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು, 27 ವರ್ಷಕ್ಕೆ. ಬಿಟ್ಟುಹೋದ ಕತೆಗಳು ಇಪ್ಪತ್ತರ ಆಸುಪಾಸು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು, ಬಂದಾಗ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಈ ಒಡವೆಯ ಪ್ರಸಂಗವನ್ನು ಭಾಷಣದಲ್ಲಿ ಹೇಳುವವರು ಬಹಳ, ಕತೆಗಳನ್ನು ಓದಿದವರು ಅಷ್ಟಿಲ್ಲ. ಓದು. ವಿಧವೆಯರ ಬಗ್ಗೆ, ಮದುವೆಯ ಬಗ್ಗೆ ಆ ಕಾಲದ ಹೆಣ್ಣೊಬ್ಬಳು ಬರೆಯಲು ಅಳುಕುವಂಥದ್ದನ್ನು ದನಿ ಏರಿಸದೆ ಬರೆದಿದ್ದಾರೆ. ಕೊಟ್ಟ ಒಡವೆಗೂ ಬರೆದ ಕತೆಗೂ ನಡುವೆ ಬಿರುಕು ಕಾಣುವುದಿಲ್ಲ. ಪುಟದ ಲೆಕ್ಕ ಬಿಡು.

ಕೊನೆಯದಾಗಿ, ಎಷ್ಟು ಎಚ್ಚರವಹಿಸಿದರೂ ತಪ್ಪು ಅಚ್ಚಾಗುತ್ತದೆ. ಗೊತ್ತಾದ ವಾರದಲ್ಲೇ ಸಂಪಾದಕರಿಗೆ ಬರೆ: ಯಾವ ಸಾಲು ತಪ್ಪು, ಸರಿ ಯಾವುದು, ಅಷ್ಟೆ. ಯಾಕಾಯಿತು ಎಂಬ ವಿವರಣೆ ಯಾರಿಗೂ ಬೇಡ. ಫೇಸ್‌ಬುಕ್ಕಿನಲ್ಲಿ ಹಾಕಿದ್ದಾದರೆ ಸದ್ದಿಲ್ಲದೆ ಅಳಿಸಬೇಡ, ತಿದ್ದುಪಡಿಯನ್ನು ಬರಹದ ಮೇಲೆಯೇ ಹಾಕು. ಪುಸ್ತಕವಾದರೆ ಉಳಿದ ಪ್ರತಿಗಳಿಗೆ ಒಪ್ಪೋಲೆ, ಅಂದರೆ ತಪ್ಪು ತಿದ್ದಿದ ಚೀಟಿ, ಅಂಟಿಸು. ಒಬ್ಬರಿಗೆ ನೋವಾಗಿದ್ದರೆ ತಿದ್ದುಪಡಿ ಅಚ್ಚಾಗುವ ಮೊದಲು ಅವರ ಮನೆಗೆ ಹೋಗು, ಒಬ್ಬಳೇ ಹೋಗು. ಅವರು ಹೇಳುವುದನ್ನು ಪೂರ್ತಿ ಕೇಳು, ನಡುವೆ ‘ಅದು ಕತೆ ಅಲ್ವಾ’ ಅನ್ನಬೇಡ. ಕ್ಷಮೆಯನ್ನು ಒಂದು ಸಲ ಕೇಳು. ಎರಡನೇ ಸಲ ಕೇಳಿದರೆ ನಿನ್ನನ್ನು ಸಮಾಧಾನಪಡಿಸುವ ಕೆಲಸವೂ ಅವರ ತಲೆಗೆ ಬೀಳುತ್ತದೆ.

ಇಂತಿ,
ನಿನ್ನ ಅಕ್ಕ